ತಿಂಗಳ ಲೆಕ್ಕದಲ್ಲಿ ಟಿ.ವಿ. ಎಂಬ ಬಾಬತ್ತು

ತಿಂಗಳ ಮೊದಲ ವಾರವೆಂದರೆ ಸಂಬಳದಾರರ ಮನೆಯಲ್ಲಿ ಲೆಕ್ಕದ ವಾರ. ಬಾಡಿಗೆ, ಹಾಲು, ಪೇಪರು, ದಿನಸಿ, ಮಕ್ಕಳ ಫೀಸು, ವಿದ್ಯುತ್ ಬಿಲ್ಲು. ಒಂದೊಂದಕ್ಕೂ ಒಂದೊಂದು ಸಾಲು. 1990ರ ದಶಕದಲ್ಲಿ ಈ ಪಟ್ಟಿಯ ಕೆಳತುದಿಗೆ ಹೊಸ ಬಾಬತ್ತೊಂದು ಬಂದು ಕುಳಿತಿತು. ಅದು ಕೇಬಲ್. ರಸೀದಿ ಪುಸ್ತಕ ಹಿಡಿದ ಹುಡುಗನೊಬ್ಬ ಗೇಟಿನ ಹೊರಗೆ ನಿಂತು ‘ಕೇಬಲ್’ ಎಂದು ಕೂಗುತ್ತಿದ್ದ. ಮನೆಯವರು ಚಿಲ್ಲರೆ ಹುಡುಕಿ ಕೊಡುತ್ತಿದ್ದರು. ಆತ ಕಾರ್ಡಿನ ಮೇಲೆ ಒಂದು ಗೀಟು ಎಳೆದು ಪಕ್ಕದ ಮನೆಗೆ ಹೋಗುತ್ತಿದ್ದ.

ಬೆಲೆ ಏರಿದಾಗ ಎಣ್ಣೆ ಕಡಿಮೆ ಬಳಸಿದವರುಂಟು, ಹಬ್ಬದ ಬಟ್ಟೆಯನ್ನು ಮುಂದೂಡಿದವರುಂಟು. ಕೇಬಲ್ ಸಾಲಿಗೆ ಮಾತ್ರ ಯಾರೂ ಕೈ ಹಚ್ಚುತ್ತಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆ ಸಾಲಿನ ಮೇಲೂ ಕಾಟು ಬೀಳತೊಡಗಿದೆ. ಹಣ ಉಳಿಯಲಿ, ಹೊತ್ತೂ ಉಳಿಯಲಿ ಎಂದು ಕೇಬಲ್ಲನ್ನೋ ಡಿಶ್ಶನ್ನೋ ಬಿಟ್ಟುಬಿಡುವ ಮನೆಗಳು ಊರೂರಲ್ಲಿ ಸಿಗುತ್ತವೆ. ಕೆಲವರು ಇದನ್ನು ವೈರಾಗ್ಯವೆಂದು ಕೊಂಡಾಡುತ್ತಾರೆ. ಇನ್ನು ಕೆಲವರು ಜಿಪುಣತನವೆಂದು ನಗುತ್ತಾರೆ.

ಇತಿಹಾಸದ ಪುಟ ತಿರುವಿದರೆ ಇದರಲ್ಲಿ ಹೊಸತೇನೂ ಇಲ್ಲ. ಗಾಳಿಯಲ್ಲಿ ತೇಲಿ ಮನೆಗೆ ಬರುವ ದನಿಗೆ, ಚಿತ್ರಕ್ಕೆ ಹಣ ಕೊಡಬೇಕೇ, ಕೊಟ್ಟರೆ ಎಷ್ಟು ಎಂಬ ಚೌಕಾಸಿ ಭಾರತದಲ್ಲಿ ಸುಮಾರು ನೂರು ವರ್ಷಗಳಿಂದ ನಡೆದುಬಂದಿದೆ. ಬೆಲೆ ಮರೆಯಲ್ಲಿದ್ದಾಗ ಮನೆಯವರು ಸುಮ್ಮನೆ ಕೊಟ್ಟರು. ಬೆಲೆ ಕಣ್ಣಿಗೆ ಬಿದ್ದಾಗಲೆಲ್ಲ ಕೂತು ಲೆಕ್ಕ ಹಾಕಿದರು.

ಅಂಚೆ ಕಚೇರಿಯ ಲೈಸೆನ್ಸು

ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕಿತ್ತು ಎಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ. ಬ್ರಿಟನ್ನಿನಲ್ಲಿ 1922ರಲ್ಲಿ 10 ಶಿಲಿಂಗಿನ ರೇಡಿಯೊ ಲೈಸೆನ್ಸು ಜಾರಿಗೆ ಬಂತು. ಟಿ.ವಿ. ಬಂದ ಮೇಲೆ, 1946ರ ಜೂನ್‌ನಿಂದ, ಅದಕ್ಕೆ 2 ಪೌಂಡಿನ ಬೇರೆ ಲೈಸೆನ್ಸು. ಕೇಳುಗ ಕೊಟ್ಟ ಹಣದಿಂದಲೇ ಪ್ರಸಾರ ನಡೆಯಬೇಕು, ಜಾಹೀರಾತಿನ ಹಂಗು ಇರಬಾರದು ಎಂಬುದು ಅದರ ಹಿಂದಿದ್ದ ವಿಚಾರ. ಆಳುವವರ ಜೊತೆ ಆ ಪದ್ಧತಿ ಭಾರತಕ್ಕೂ ಬಂತು.

1927ರ ಜುಲೈ 23ರಂದು ಮುಂಬಯಿಯಲ್ಲಿ ‘ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ’ ಪ್ರಸಾರ ಆರಂಭಿಸಿತು. ಮರು ತಿಂಗಳೇ ಕಲ್ಕತ್ತ ಕೇಂದ್ರವೂ ಶುರುವಾಯಿತು. ಕೇಳುಗರು ವರ್ಷಕ್ಕೆ 10 ರೂಪಾಯಿ ಲೈಸೆನ್ಸು ಶುಲ್ಕ ಕೊಡಬೇಕು, ಅದರಲ್ಲಿ 8 ರೂಪಾಯಿ ಕಂಪನಿಗೆ ಎಂಬುದು ಕರಾರು. ಆ ಕಾಲದ 10 ರೂಪಾಯಿ ಸಣ್ಣ ಮೊತ್ತವಲ್ಲ. ಇಡೀ ದೇಶದಲ್ಲಿ ಲೈಸೆನ್ಸು ಪಡೆದವರ ಸಂಖ್ಯೆ ಏಳೆಂಟು ಸಾವಿರ ದಾಟಲಿಲ್ಲ. ಲೈಸೆನ್ಸು ಇಲ್ಲದೆಯೇ ಕದ್ದು ಕೇಳುವವರೂ ಇದ್ದರು. ಮೂರು ವರ್ಷ ತುಂಬುವ ಮೊದಲೇ, 1930ರ ಮಾರ್ಚ್‌ನಲ್ಲಿ, ಕಂಪನಿ ದಿವಾಳಿಯಾಗಿ ಬಾಗಿಲು ಮುಚ್ಚಿತು. ‘ಇಷ್ಟು ಹಣಕ್ಕೆ ಇದು ಬೇಡ’ ಎಂಬ ಕೇಳುಗನ ಒಂದು ತೀರ್ಮಾನ ಪ್ರಸಾರ ಸಂಸ್ಥೆಯನ್ನೇ ಮುಳುಗಿಸಬಲ್ಲದು ಎಂಬುದಕ್ಕೆ ಭಾರತದಲ್ಲಿ ಇದೇ ಮೊದಲ ಉದಾಹರಣೆ.

ಮೈಸೂರಿನಲ್ಲಿ ನಡೆದ ಪ್ರಯೋಗ ಬೇರೆಯದೇ ಬಗೆಯದು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ಬಳಿ ಇದ್ದದ್ದು 30 ವ್ಯಾಟ್‌ನ ಪುಟ್ಟ ಪ್ರೇಷಕ ಯಂತ್ರ. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಇಡೀ ದೇಶದ ಬಾನುಲಿಗೆ ಮುಂದೆ ಅದೇ ಹೆಸರಾಯಿತು. ಪ್ರಸಾರವೆಂದರೆ ಕೇಳುಗನಿಂದ ವಸೂಲಿ ಮಾಡಬೇಕಾದ ಬಾಕಿ ಎಂದು ಒಂದು ಕಡೆ ಎಣಿಸುತ್ತಿದ್ದಾಗ, ಊರಿಗೆ ಕೊಡುವ ಕೊಡುಗೆ ಎಂದು ಬಗೆದವರು ಇನ್ನೊಂದು ಕಡೆ ಇದ್ದರು.

ಲೈಸೆನ್ಸಿನ ಕಾಟ ಮಾತ್ರ ತಪ್ಪಲಿಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಲೈಸೆನ್ಸು ಇಲ್ಲದೆ ರೇಡಿಯೊ ಇಟ್ಟುಕೊಳ್ಳುವುದು ಅಪರಾಧವಾಯಿತು. ಸ್ವಾತಂತ್ರ್ಯ ಬಂದ ಮೇಲೂ ಅಂಚೆ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಪುಟ್ಟ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುವುದು ಮನೆ ಯಜಮಾನನ ವಾರ್ಷಿಕ ಕೆಲಸಗಳಲ್ಲಿ ಒಂದಾಗಿತ್ತು. ಟಿ.ವಿ. ಬಂದಾಗ ಅದಕ್ಕೂ ಇದೇ ವಿಧಿ. ಕೊನೆಗೆ 1985ರಲ್ಲಿ ರೇಡಿಯೊ, ಟಿ.ವಿ. ಲೈಸೆನ್ಸು ಪದ್ಧತಿ ರದ್ದಾಯಿತು. ಹಳೆಯ ಟ್ರಂಕುಗಳಲ್ಲಿ, ಜಾತಕ ಮತ್ತು ಮನೆ ಪತ್ರಗಳ ನಡುವೆ, ಆ ಪುಸ್ತಕಗಳು ಇಂದಿಗೂ ಕೆಲವೆಡೆ ಸಿಗುವುದುಂಟು.

ಊರಿಗೊಂದೇ ಪೆಟ್ಟಿಗೆ

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕವಾಗಿ ಆರಂಭವಾದ ಟಿ.ವಿ. ಕರ್ನಾಟಕಕ್ಕೆ ಬಂದದ್ದು ತಡವಾಗಿ. ಅದೂ ರಾಜಧಾನಿಯಿಂದಲ್ಲ, ಬಿಸಿಲುನಾಡಿನ ಹಳ್ಳಿಗಳಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎ.ಟಿ.ಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಕರ್ನಾಟಕದ ಪಾಲಿಗೆ ಬಂದವು ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು.

ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯಿಂದ ಮಾಡಿದ ಡಿಶ್ಶು, ಶಾಲೆಯಲ್ಲೋ ಪಂಚಾಯತಿ ಕಟ್ಟೆಯಲ್ಲೋ ಇಟ್ಟ ಒಂದು ಟಿ.ವಿ., ಅದರ ಮುಂದೆ ಇಡೀ ಊರು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಒಂದಿಷ್ಟು ಹಾಡು ಕುಣಿತ. ಅಲ್ಲಿ ಯಾರೂ ಹಣ ಕೊಡಲಿಲ್ಲ. ಹೊತ್ತಿನ ಮಿತಿಯನ್ನೂ ಮನೆಯವರು ಹಾಕಿಕೊಳ್ಳಬೇಕಿರಲಿಲ್ಲ. ಪ್ರಸಾರ ಮುಗಿದರೆ ಮುಗಿಯಿತು, ಎಲ್ಲರೂ ಎದ್ದು ಮನೆಗೆ.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. 1982ರ ಆಗಸ್ಟ್ 15ಕ್ಕೆ ಬಣ್ಣದ ಪ್ರಸಾರ, ಅದೇ ವರ್ಷದ ಕೊನೆಯಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ. 1984ರಲ್ಲಿ ‘ಹಮ್ ಲೋಗ್’ ಧಾರಾವಾಹಿ. ಆಗುಂಬೆಯಲ್ಲಿ ಶಂಕರನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’. 1987ರ ಜನವರಿಯಿಂದ ಭಾನುವಾರ ಬೆಳಗಿನ ‘ರಾಮಾಯಣ’. ಓಣಿಯಲ್ಲಿ ಒಂದೋ ಎರಡೋ ಮನೆಗಳಲ್ಲಿ ಟಿ.ವಿ. ಇದ್ದರೆ ಉಳಿದವರೆಲ್ಲ ಅಲ್ಲಿಗೇ. ಹೊಸಿಲ ಬಳಿ ಚಪ್ಪಲಿಗಳ ರಾಶಿ, ಒಳಗೆ ಚಾಪೆಯ ಮೇಲೆ ಮಕ್ಕಳು, ಕಿಟಕಿಯ ಸರಳು ಹಿಡಿದು ನಿಂತವರು. ಛಾವಣಿ ಹತ್ತಿ ಆಂಟೆನಾ ತಿರುಗಿಸುವವನೊಬ್ಬ, ಕೆಳಗಿನಿಂದ ‘ಬಂತು, ಬಂತು... ಹೋಯ್ತು’ ಎಂದು ಕೂಗುವವನೊಬ್ಬ.

ಲೈಸೆನ್ಸು ರದ್ದಾದ 1985ರಿಂದ ಕೇಬಲ್ ಬರುವವರೆಗಿನ ಆರೇಳು ವರ್ಷಗಳು ಭಾರತದ ಟಿ.ವಿ. ಇತಿಹಾಸದಲ್ಲಿ ವಿಶೇಷವಾದವು. ಪೆಟ್ಟಿಗೆ ಕೊಳ್ಳಲು ಮಾತ್ರ ಹಣ, ನೋಡಲು ಹಣವಿಲ್ಲ. ಬಹುತೇಕ ಕಡೆ ಇದ್ದದ್ದು ಒಂದೇ ವಾಹಿನಿ. ತಡರಾತ್ರಿ ಪ್ರಸಾರ ನಿಂತು ಪರದೆಯ ಮೇಲೆ ಬರೀ ಚುಕ್ಕೆ. ‘ಟಿ.ವಿ. ನೋಡಿ ಹೊತ್ತು ಹಾಳು’ ಎಂಬ ದೂರು ಆಗಲೂ ಇತ್ತು. ಆದರೆ ಹಾಳಾಗಲು ಲಭ್ಯವಿದ್ದ ಹೊತ್ತೇ ಕಡಿಮೆ.

ಗುಡ್ಡದ ಪಟ್ಟಣದಿಂದ ಗಲ್ಲಿಯವರೆಗೆ

ಕೇಬಲ್ ಹುಟ್ಟಿದ್ದು ಮನರಂಜನೆಯ ಹಪಾಹಪಿಯಿಂದಲ್ಲ, ಭೂಗೋಳದ ತೊಡಕಿನಿಂದ. 1948ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯ, ಆರೆಗನ್ ಮುಂತಾದ ರಾಜ್ಯಗಳ ಕೆಲವು ಪಟ್ಟಣಗಳಿಗೆ ಗುಡ್ಡ ಅಡ್ಡ ಬಂದು ಟಿ.ವಿ. ತರಂಗಗಳು ತಲುಪುತ್ತಿರಲಿಲ್ಲ. ತರಂಗವೇ ಬಾರದ ಊರಿನಲ್ಲಿ ಟಿ.ವಿ. ಪೆಟ್ಟಿಗೆ ಯಾರು ಕೊಳ್ಳುತ್ತಾರೆ? ಗುಡ್ಡದ ನೆತ್ತಿಯಂಥ ಎತ್ತರದ ಜಾಗದಲ್ಲಿ ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಗಳಿಗೆ ತಂತಿ ಎಳೆದು ಹಣ ಪಡೆಯುವ ವ್ಯವಹಾರ ಹೀಗೆ ಶುರುವಾಯಿತು. ಇದರಲ್ಲಿ ಮುಂದಾದವರಲ್ಲಿ ಟಿ.ವಿ. ಮಾರುವ ಅಂಗಡಿಯವರೂ ಇದ್ದರು. 1972ರ ನವೆಂಬರ್‌ನಲ್ಲಿ ಅದೇ ಪೆನ್ಸಿಲ್ವೇನಿಯದಲ್ಲಿ ಎಚ್‌.ಬಿ.ಒ. ವಾಹಿನಿ ಆರಂಭವಾಯಿತು. ತಿಂಗಳ ಚಂದಾ ಕೊಟ್ಟರೆ ನಡುವೆ ಜಾಹೀರಾತಿಲ್ಲದ ಸಿನಿಮಾ ಎಂಬುದು ಅದರ ಭರವಸೆ.

ಭಾರತದಲ್ಲಿ ಕೇಬಲ್ ಕಾಲಿಟ್ಟದ್ದು 1980ರ ದಶಕದ ನಡುವೆ, ಮುಂಬಯಿಯಂಥ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ. ಒಂದು ವಿಡಿಯೊ ಯಂತ್ರ, ಬಾಡಿಗೆ ಕ್ಯಾಸೆಟ್ಟು, ಮಹಡಿ ಮಹಡಿಗೆ ಎಳೆದ ತಂತಿ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಆರಂಭವಾದಾಗ ಸಿ.ಎನ್.ಎನ್. ವಾಹಿನಿ ಬಾಂಬು ಬೀಳುವುದನ್ನೇ ನೇರ ತೋರಿಸಿತು. ಅದನ್ನು ಹಿಡಿಯಲು ಡಿಶ್ಶುಗಳು ಬಂದವು. ಅದೇ ವರ್ಷ ಸ್ಟಾರ್, 1992ರ ಅಕ್ಟೋಬರ್ 2ರಂದು ಜೀ, 1994ರಲ್ಲಿ ಕನ್ನಡದ ಉದಯ ಟಿ.ವಿ., 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ. ತಂತಿಗಳು ವಿದ್ಯುತ್ ಕಂಬದಿಂದ ತೆಂಗಿನ ಮರಕ್ಕೆ, ಮರದಿಂದ ಮಹಡಿಗೆ ಜಿಗಿದವು.

ಮೊದಮೊದಲು ಇದಕ್ಕೆ ಕಾಯ್ದೆ ಎಂಬುದೇ ಇರಲಿಲ್ಲ. 1995ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಬಂತು. ಅದರ ಅನ್ವಯ ಕೇಬಲ್ ನಡೆಸುವವರು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ಹತ್ತು ವರ್ಷ ಹಿಂದೆ ನೋಡುಗನ ಲೈಸೆನ್ಸು ಬರೆಯುತ್ತಿದ್ದ ಅಂಚೆ ಕಚೇರಿಗೆ ಈಗ ತೋರಿಸುವವನನ್ನು ದಾಖಲಿಸಿಕೊಳ್ಳುವ ಕೆಲಸ ಬಂತು.

ಈ ಕಾಲದ ವ್ಯವಹಾರವೆಲ್ಲ ಮುಖ ಪರಿಚಯದ ಮೇಲೆ. ಕೇಬಲ್‌ನವನು ಬಡಾವಣೆಯ ಹುಡುಗನೇ. ಎರಡು ತಿಂಗಳು ಬಾಕಿ ಉಳಿದರೆ ತಡೆದುಕೊಳ್ಳುತ್ತಿದ್ದ, ಮೂರನೆಯ ತಿಂಗಳು ತಂತಿ ಕೀಳುತ್ತಿದ್ದ. ಒಂದೇ ಬೀದಿಯಲ್ಲಿ ಮನೆಗೊಂದು ದರ ಇದ್ದರೂ ಇರಬಹುದು. ಕೊಟ್ಟ ಹಣದಲ್ಲಿ ಯಾವ ವಾಹಿನಿಗೆ ಎಷ್ಟು ಹೋಗುತ್ತದೆ ಎಂಬುದು ಕೊಡುವವರಿಗೆ ಗೊತ್ತಿಲ್ಲ. ಎಲ್ಲವೂ ಒಂದೇ ಮೊತ್ತದಲ್ಲಿ ಬಂದಾಗ ಯಾವುದೂ ದುಬಾರಿ ಎನಿಸುವುದಿಲ್ಲ. ಹೋಟೆಲಿನಲ್ಲಿ ಊಟದ ಟೋಕನ್ನು ತೆಗೆದುಕೊಂಡವನು ಪಲ್ಯಕ್ಕೆ ಎಷ್ಟು, ಸಾರಿಗೆ ಎಷ್ಟು ಎಂದು ಕೇಳುವುದಿಲ್ಲವಲ್ಲ.

ಒಳ್ಳೆಯ ಕಾರ್ಯಕ್ರಮಗಳೂ ಬಿಟ್ಟಿ ವಾಹಿನಿಯಿಂದ ತಂತಿಯ ಕಡೆಗೆ ಸರಿದವು. ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ವನ್ನು 1998ರಲ್ಲಿ ಕನ್ನಡಿಗರು ದೂರದರ್ಶನದಲ್ಲಿ ಹಣ ಕೊಡದೆ ನೋಡಿದ್ದರು. ಅವರದೇ ‘ಮುಕ್ತ’ ನೋಡಬೇಕಾದವರಿಗೆ ಕೇಬಲ್ ಬೇಕಾಯಿತು.

ಬಿಲ್ಲು ಬಿಡಿಬಿಡಿಯಾದಾಗ

ಮುಚ್ಚಿದ ಮೊತ್ತವನ್ನು ಬಿಡಿಸಿ ತೋರಿಸಬೇಕೆಂಬ ಪ್ರಯತ್ನ ಈ ಶತಮಾನದ ಆರಂಭದಲ್ಲೇ ನಡೆಯಿತು. ಸೆಟ್‌ಟಾಪ್ ಪೆಟ್ಟಿಗೆಯ ಮೂಲಕ ಬೇಕಾದ ಚಾನೆಲ್ಲಿಗೆ ಮಾತ್ರ ಹಣ ಕೊಡುವ ‘ಕ್ಯಾಸ್’ ವ್ಯವಸ್ಥೆ 2003ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಜಾರಿಯಾಯಿತು. 2006ರ ಕೊನೆಗೆ ದೆಹಲಿ, ಮುಂಬಯಿ, ಕೋಲ್ಕತ್ತಗಳ ಕೆಲವು ಭಾಗಗಳಿಗೂ ಬಂತು. ಆಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಪಾವತಿ ಚಾನೆಲ್ಲಿಗೆ ತಿಂಗಳಿಗೆ 5 ರೂಪಾಯಿಯ ಮಿತಿ ಹಾಕಿತ್ತು. ಉಚಿತ ಚಾನೆಲ್ಲುಗಳ ಮೂಲ ಗುಚ್ಛಕ್ಕೆ 77 ರೂಪಾಯಿ.

ಕರ್ನಾಟಕಕ್ಕೆ ಈ ಬಿಸಿ ತಟ್ಟಿದ್ದು ಅನಂತರ. 2011ರ ತಿದ್ದುಪಡಿ ಕಾಯ್ದೆ ಕೇಬಲ್ ಜಾಲವನ್ನೆಲ್ಲ ಡಿಜಿಟಲ್ ಮಾಡಲು ಹೇಳಿತು. ಎರಡನೇ ಹಂತದ 38 ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು ಸೇರಿದ್ದವು. ಅವಕ್ಕೆ ಕೊಟ್ಟ ಗಡುವು 2013ರ ಮಾರ್ಚ್ 31. ಮನೆಮನೆಗೂ ಪೆಟ್ಟಿಗೆ ಬಂತು. ಆದರೂ ಬಿಲ್ಲು ಬಿಡಿಬಿಡಿಯಾದದ್ದು ಟ್ರಾಯ್‌ನ ಹೊಸ ದರ ನೀತಿ ಜಾರಿಯಾದ 2019ರ ಫೆಬ್ರುವರಿಯಲ್ಲಿ.

ಆ ನೀತಿಯ ಲೆಕ್ಕ ಹೀಗಿತ್ತು. 100 ಚಾನೆಲ್ಲುಗಳವರೆಗೆ ಜಾಲದ ಶುಲ್ಕ ಹೆಚ್ಚೆಂದರೆ 130 ರೂಪಾಯಿ. ಬರೀ ಉಚಿತ ಚಾನೆಲ್ಲುಗಳನ್ನು ನೋಡಿದರೂ ಇದನ್ನು ಕೊಡಲೇಬೇಕು. ಪಾವತಿ ಚಾನೆಲ್ಲುಗಳ ಬೆಲೆ ಇದರ ಮೇಲೆ. ಗುಚ್ಛದಲ್ಲಿ ಸೇರಿಸಿ ಮಾರುವ ಚಾನೆಲ್ಲಿನ ಬಿಡಿ ಬೆಲೆ 19 ರೂಪಾಯಿ ಮೀರುವಂತಿರಲಿಲ್ಲ. ಮನೆಯೊಂದು 19 ರೂಪಾಯಿಯ ಮೂರೇ ಮೂರು ಚಾನೆಲ್ಲು ಆರಿಸಿತೆನ್ನಿ. 130ಕ್ಕೆ 57 ಸೇರಿ 187. ಶೇಕಡ 18ರ ಜಿ.ಎಸ್.ಟಿ. ಕೂಡಿದರೆ 220 ರೂಪಾಯಿ 66 ಪೈಸೆ. ವರ್ಷಕ್ಕೆ ಸುಮಾರು 2,648 ರೂಪಾಯಿ. ಕ್ರೀಡೆ, ಸಿನಿಮಾ, ಮಕ್ಕಳ ಕಾರ್ಟೂನು ಎಂದು ಕೂಡಿಸುತ್ತ ಹೋದರೆ ಮೊತ್ತ ಇನ್ನೂ ಮೇಲೆ.

ನೋಡುಗನಿಗೆ ಆಯ್ಕೆ ಕೊಡುವುದು ಈ ನೀತಿಯ ಉದ್ದೇಶ. ಆದರೆ ಆಯ್ಕೆ ಮಾಡಲು ಕುಳಿತ ಮನೆಯವರಿಗೆ ಇನ್ನೊಂದು ಸತ್ಯ ಹೊಳೆಯಿತು. ನೂರಾರು ಚಾನೆಲ್ಲುಗಳಲ್ಲಿ ಮನೆಯವರು ನಿಜಕ್ಕೂ ನೋಡುವುದು ಐದಾರು. ಅವುಗಳಲ್ಲಿ ಕೆಲವು ಉಚಿತ. ಹಾಗಾದರೆ ಇಷ್ಟು ವರ್ಷ ಕೊಟ್ಟ ಹಣ ಯಾತಕ್ಕೆ? ಪಟ್ಟಿ ಮಾಡುವ ಕೈ ‘ಇದು ಬೇಡ, ಅದು ಬೇಡ’ ಎನ್ನುತ್ತ ಕೊನೆಗೆ ‘ಯಾವುದೂ ಬೇಡ’ ಎನ್ನುವಷ್ಟು ದೂರ ಹೋದ ಮನೆಗಳುಂಟು.

ಟ್ರಾಯ್‌ನ ಅಂಕಿಗಳೂ ಇದನ್ನೇ ಹೇಳುತ್ತವೆ. 2021ರ ಮಾರ್ಚ್‌ನಲ್ಲಿ ಖಾಸಗಿ ಡಿ.ಟಿ.ಎಚ್. ಕಂಪನಿಗಳ ಸಕ್ರಿಯ ಚಂದಾದಾರರು ಸುಮಾರು 6.95 ಕೋಟಿ. 2025ರ ಮಾರ್ಚ್ ವೇಳೆಗೆ ಅದು 5.7 ಕೋಟಿಯ ಆಸುಪಾಸಿಗೆ ಇಳಿದಿತ್ತು. ಇವರೆಲ್ಲ ಉಳಿತಾಯಕ್ಕೆಂದೇ ಬಿಟ್ಟವರಲ್ಲ. ಮೊಬೈಲು, ಇಂಟರ್‌ನೆಟ್‌ಗಳತ್ತ ಹೊರಳಿದವರೂ, ಉಚಿತ ಡಿಶ್ಶಿಗೆ ಬದಲಾಯಿಸಿಕೊಂಡವರೂ ಅದರಲ್ಲಿದ್ದಾರೆ.

ಹೊತ್ತಿನ ಬೆಲೆ ಎಷ್ಟು?

ಹಣದ ಲೆಕ್ಕ ಬಿಲ್ಲಿನಲ್ಲಿ ಸಿಗುತ್ತದೆ. ಹೊತ್ತಿಗೆ ಬಿಲ್ಲಿಲ್ಲ. ದಿನಕ್ಕೆ ಎರಡೇ ಗಂಟೆ ಟಿ.ವಿ. ನೋಡಿದರೂ ವರ್ಷಕ್ಕೆ 730 ಗಂಟೆ. ದಿನಕ್ಕೆ ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಅದು 91 ದಿನಗಳ ಕೆಲಸ. ಕೇಬಲ್ ನಿಯಮಗಳ ಪ್ರಕಾರ ಗಂಟೆಗೆ ಹೆಚ್ಚೆಂದರೆ 12 ನಿಮಿಷ ಜಾಹೀರಾತು ಹಾಕಬಹುದು. ಮಿತಿಯಷ್ಟೂ ಹಾಕಿದರೆ 730 ಗಂಟೆಗಳಲ್ಲಿ 146 ಗಂಟೆ ಸೋಪು, ಟೂತ್‌ಪೇಸ್ಟುಗಳ ಪಾಲು. ಚಂದಾ ಕೊಟ್ಟರೆ ಜಾಹೀರಾತಿಲ್ಲ ಎಂಬ 1972ರ ಭರವಸೆ ಇಲ್ಲಿಗೆ ಬರುವಾಗ ದಾರಿಯಲ್ಲೇ ಕಳೆದುಹೋಯಿತು. ಇಲ್ಲಿಯ ನೋಡುಗ ಹಣವನ್ನೂ ಕೊಡುತ್ತಾನೆ, ಜಾಹೀರಾತು ನೋಡಿ ಹೊತ್ತನ್ನೂ ಕೊಡುತ್ತಾನೆ.

ಹೊತ್ತು ಉಳಿಸಲು ಟಿ.ವಿ.ಗೆ ರಜೆ ಕೊಟ್ಟ ದೇಶವೂ ಉಂಟು. ಐಸ್‌ಲ್ಯಾಂಡಿನ ಸರ್ಕಾರಿ ಟಿ.ವಿ. 1966ರಲ್ಲಿ ಆರಂಭವಾದಾಗಿನಿಂದ 1987ರವರೆಗೆ ಗುರುವಾರ ಪ್ರಸಾರವನ್ನೇ ಮಾಡುತ್ತಿರಲಿಲ್ಲ. ಅಮೆರಿಕದಲ್ಲಿ 1995ರಿಂದ ವರ್ಷಕ್ಕೊಮ್ಮೆ ‘ಟಿ.ವಿ. ಆರಿಸುವ ವಾರ’ದ ಆಚರಣೆ ಶುರುವಾಯಿತು. ಕರ್ನಾಟಕದ ನೆರೆಯಲ್ಲೇ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಎಂಬ ಹಳ್ಳಿಯಲ್ಲಿ 2022ರ ಸ್ವಾತಂತ್ರ್ಯ ದಿನದಿಂದ ಒಂದು ಪದ್ಧತಿ ಆರಂಭವಾಯಿತು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ನು ಮೊಳಗಿದರೆ ಟಿ.ವಿ., ಮೊಬೈಲುಗಳನ್ನು ಆರಿಸಬೇಕು. ಎಂಟೂವರೆಗೆ ಮತ್ತೊಮ್ಮೆ ಮೊಳಗುವವರೆಗೆ ಮಕ್ಕಳ ಓದು, ದೊಡ್ಡವರ ಮಾತುಕತೆ. ಕೊರೊನಾ ಕಾಲದಲ್ಲಿ ಮೊಬೈಲಿನಲ್ಲೇ ಪಾಠ ಕೇಳಿದ ಮಕ್ಕಳು ಶಾಲೆ ತೆರೆದ ಮೇಲೂ ಅದನ್ನು ಬಿಡಲಿಲ್ಲ ಎಂಬ ಚಿಂತೆ ಇದರ ಹಿಂದಿತ್ತು.

ಈ ಮೂರು ಉದಾಹರಣೆಗಳಲ್ಲೂ ಒಂದು ಸಂಗತಿ ಸಮಾನ. ಇಡೀ ಊರು, ಇಡೀ ದೇಶ ಒಟ್ಟಿಗೆ ಪರದೆಯಿಂದ ಎದ್ದಿದೆ, ಇಲ್ಲವೇ ಹಾಗೆ ಏಳಲು ಕರೆ ಕೊಟ್ಟಿದೆ. ಒಂದೇ ಮನೆ ಒಂಟಿಯಾಗಿ ಟಿ.ವಿ. ಬಿಟ್ಟಾಗ ಪರಿಸ್ಥಿತಿ ಬೇರೆ. ಮರುದಿನ ಶಾಲೆಯಲ್ಲಿ ಕ್ರಿಕೆಟ್ಟಿನ ಮಾತು ಬಂದಾಗ ಆ ಮನೆಯ ಹುಡುಗ ಸುಮ್ಮನಿರಬೇಕು. ಅವನು ಪಕ್ಕದ ಮನೆಗೆ ಹೋಗಿ ನೋಡೋಣವೆಂದರೆ ಚಪ್ಪಲಿ ರಾಶಿ ಬೀಳುತ್ತಿದ್ದ ಆ ಹೊಸಿಲುಗಳು ಈಗಿಲ್ಲ.

ಯಾರ ಹಣ, ಯಾರ ಹೊತ್ತು?

ಟಿ.ವಿ. ಬಿಡುವ ತೀರ್ಮಾನವನ್ನು ಮನೆಯಲ್ಲಿ ಯಾರು ಮಾಡುತ್ತಾರೆ ಎಂಬುದೂ ಕೇಳಬೇಕಾದ ಪ್ರಶ್ನೆ. ಸಾಮಾನ್ಯವಾಗಿ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅವರು. ಹೊರಗೆ ದುಡಿದು ಬಂದು ರಾತ್ರಿ ಅರ್ಧ ಗಂಟೆ ವಾರ್ತೆ ನೋಡುವವರಿಗೆ ಕೇಬಲ್ ದಂಡವೆನಿಸುವುದು ಸಹಜ. ಮನೆಯೊಳಗೇ ದಿನ ಕಳೆಯುವವರ ಲೆಕ್ಕ ಬೇರೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಮೊದಲ ಬಾರಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಅಂಥ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88. ಐದು ವರ್ಷಗಳಲ್ಲಿ ಹೆಂಗಸರ ಹೊರೆ 10 ನಿಮಿಷ ಇಳಿಯಿತು, ಗಂಡಸರ ಪಾಲು 9 ನಿಮಿಷ ಇಳಿಯಿತು. ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು.

ಸಂಜೆಯ ಧಾರಾವಾಹಿಯ ಹೊತ್ತಿಗೆ ಒಂದು ಸಾಧಾರಣ ಮನೆಯ ನಡುಮನೆಯನ್ನು ನೆನೆದುಕೊಂಡರೆ ಈ ಅಂಕಿಗಳ ಅರ್ಥ ಬಿಡಿಸಿಕೊಳ್ಳುತ್ತದೆ. ಗೃಹಿಣಿ ಟಿ.ವಿ. ಮುಂದೆ ಕೈಕಟ್ಟಿ ಕೂತಿರುವುದಿಲ್ಲ. ಹುರುಳಿಕಾಯಿ ಮುರಿಯುತ್ತಿರುತ್ತಾಳೆ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿರುತ್ತಾಳೆ, ಬಟ್ಟೆ ಮಡಿಸುತ್ತಿರುತ್ತಾಳೆ. ಆಕೆಗೆ ಕೂತು ಮಾಡುವ ಕೆಲಸಕ್ಕೆ ಟಿ.ವಿ. ಜೊತೆಗಾರ. ಅದನ್ನು ತೆಗೆದರೆ ಆಕೆಗೆ ಎರಡು ಗಂಟೆ ಉಳಿಯುವುದಿಲ್ಲ. ಹುರುಳಿಕಾಯಿ ಹಾಗೆಯೇ ಇರುತ್ತದೆ, ಕಥೆ ಮಾತ್ರ ಹೋಗುತ್ತದೆ.

ಮನೆಯ ಹಿರಿಯರದೂ ಇದೇ ಸ್ಥಿತಿ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮೊಣಕಾಲು ನೋವಿನ ಅಜ್ಜಿಗೆ ಮಧ್ಯಾಹ್ನದ ಮನೆಯಲ್ಲಿ ಕೇಳಿಬರುವ ಒಂದೇ ಮನುಷ್ಯ ದನಿ ಟಿ.ವಿ.ಯದು. ತಿಂಗಳಿಗೆ 220 ರೂಪಾಯಿ ಉಳಿಸುವ ಲೆಕ್ಕದಲ್ಲಿ ಆ ದನಿಗೆ ಅಂಕಣವಿಲ್ಲ.

ಇದರ ಅರ್ಥ ಬಿಡಬಾರದೆಂದಲ್ಲ. ಸಾಲದ ಕಂತು, ಔಷಧಿ, ಮಕ್ಕಳ ಪುಸ್ತಕ ಮುಂದಿರುವ ಮನೆಗೆ ವರ್ಷಕ್ಕೆ ಎರಡೂವರೆ ಸಾವಿರ ಸಣ್ಣದಲ್ಲ. ಹನಿಗೂಡಿದರೆ ಹಳ್ಳ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಪರೀಕ್ಷೆಯ ವರ್ಷ ಟಿ.ವಿ.ಗೆ ಬಟ್ಟೆ ಮುಚ್ಚಿದ ಎಷ್ಟೋ ಮನೆಗಳಲ್ಲಿ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ಉಳಿಕೆ ಯಾರಿಗೆ ಸೇರುತ್ತದೆ, ಕೊರತೆ ಯಾರಿಗೆ ಬೀಳುತ್ತದೆ ಎಂದು ಒಮ್ಮೆ ಕೇಳಿಕೊಂಡು ಬಿಟ್ಟರೆ ಆ ಬಿಡುವಿಕೆ ಬಾಳುತ್ತದೆ. ಕೇಳದೆ ಬಿಟ್ಟ ಮನೆಗಳಲ್ಲಿ ತಂತಿ ಮೂರು ತಿಂಗಳಲ್ಲಿ ಮರಳಿ ಬರುವುದುಂಟು.

ಬಿಟ್ಟ ಮೇಲೆ

ತಂತಿ ಕಿತ್ತ ಮನೆಗೆ ಇಂದು ದಾರಿಗಳು ಹಲವು. ಹಳೆಯ ಛಾವಣಿ ಆಂಟೆನಾ ಮಾತ್ರ ಆ ದಾರಿಗಳಲ್ಲಿ ಇಲ್ಲ. ದೂರದರ್ಶನ ತನ್ನ ಅನಲಾಗ್ ಭೂಪ್ರಸಾರವನ್ನು 2022ರ ಹೊತ್ತಿಗೆ ಬಹುಪಾಲು ನಿಲ್ಲಿಸಿತು. ಅದರ ಬದಲಿಗೆ ಉಳಿದದ್ದು ಪ್ರಸಾರ ಭಾರತಿಯ ಉಚಿತ ಡಿಶ್ಶು. 2004ರ ಡಿಸೆಂಬರ್‌ನಲ್ಲಿ 33 ಚಾನೆಲ್ಲುಗಳೊಂದಿಗೆ ಆರಂಭವಾದ ಅದಕ್ಕೆ ಪೆಟ್ಟಿಗೆ, ಡಿಶ್ಶುಗಳನ್ನು ಒಮ್ಮೆ ಕೊಂಡರೆ ತಿಂಗಳ ಶುಲ್ಕವಿಲ್ಲ. ಇಂದು ಅದು 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂಬುದು ಉದ್ಯಮದವರ ಅಂದಾಜು. 2002ರಿಂದ ಸಾವಿರಾರು ಸಂಚಿಕೆ ಕಂಡ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಬಂದದ್ದು ಇಂಥ ಶುಲ್ಕವಿಲ್ಲದ ಚಂದನ ವಾಹಿನಿಯಲ್ಲೇ. ಗೆದ್ದವರಿಗೆ ಪುಸ್ತಕ ಕೊಡುವ ಆ ಕಾರ್ಯಕ್ರಮಕ್ಕೆ ಗುಚ್ಛವೂ ಬೇಡ, ಪ್ಯಾಕೇಜೂ ಬೇಡ.

ಇನ್ನೊಂದು ದಾರಿ ಅಂಗೈಯಲ್ಲಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು. ಕೇಬಲ್ ಬಿಟ್ಟ ಅನೇಕ ಮನೆಗಳು ನಡೆದದ್ದು ಈ ದಾರಿಯಲ್ಲಿ. ಇಲ್ಲಿ ಲೆಕ್ಕ ಮತ್ತೆ ಮಸುಕಾಗುತ್ತದೆ. ಮನೆಗೊಂದು ಕೇಬಲ್ ಬಿಲ್ಲು ಇದ್ದ ಜಾಗದಲ್ಲಿ ತಲೆಗೊಂದು ರೀಚಾರ್ಜು. ಅದರ ಮೇಲೆ ಆ್ಯಪುಗಳ ಚಂದಾ. ಅದೂ ಗೇಟಿನ ಬಳಿ ಬಂದು ಯಾರೂ ಕೇಳುವುದಿಲ್ಲ, ಗಡುವಿನ ದಿನ ಖಾತೆಯಿಂದ ತಾನೇ ಕಡಿತವಾಗುತ್ತದೆ. ರಸೀದಿ ಪುಸ್ತಕದ ಹುಡುಗನಿಗೆ ‘ಈ ತಿಂಗಳು ಬೇಡಪ್ಪ’ ಎನ್ನಬಹುದಿತ್ತು. ಖಾತೆಗೆ ಹಾಗೆನ್ನಲು ಮೊದಲು ಅದು ನೆನಪಿಗೆ ಬರಬೇಕು. ಮಧ್ಯರಾತ್ರಿ ಪ್ರಸಾರ ನಿಲ್ಲಿಸುತ್ತಿದ್ದ ಪರದೆಯೂ ಈಗಿಲ್ಲ.

1930ರಲ್ಲಿ ಹತ್ತು ರೂಪಾಯಿ ಹೆಚ್ಚಾಯಿತೆಂದು ಸುಮ್ಮನಾದ ರೇಡಿಯೊ ಕೇಳುಗನಿಗೂ, 2019ರಲ್ಲಿ ಚಾನೆಲ್ ಪಟ್ಟಿ ಹಿಡಿದು ಕೂತು ಕೊನೆಗೆ ಪೆಟ್ಟಿಗೆಯನ್ನೇ ಮರಳಿಸಿದ ಸಂಸಾರಕ್ಕೂ ನೆರವಾದದ್ದು ಒಂದೇ. ಬೆಲೆ ಇಬ್ಬರ ಕಣ್ಣಿಗೂ ಕಂಡಿತ್ತು. ಮುಂದಿನ ತಿಂಗಳ ಮೊದಲ ವಾರ ಲೆಕ್ಕ ಬರೆಯುವವರು ಕೇಬಲ್ ಇದ್ದ ಸಾಲಿನಲ್ಲಿ ಮನೆಯವರೆಲ್ಲರ ರೀಚಾರ್ಜನ್ನೂ ಚಂದಾಗಳನ್ನೂ ಕೂಡಿಸಿ ಬರೆದು ನೋಡಬಹುದು. ಅದರ ಪಕ್ಕದಲ್ಲಿ, ಸಂಜೆಯ ಎರಡು ಗಂಟೆ ಯಾರ್‍ಯಾರ ಪಾಲಿಗೆ ಹೇಗೆ ಕಳೆಯಿತೆಂದು ಅಜ್ಜಿಯನ್ನೂ ಸೇರಿಸಿ ಕೇಳಿ ಬರೆದರೆ ಲೆಕ್ಕ ಪೂರ್ತಿಯಾಗುತ್ತದೆ.